ಹಗ್ಗವೋ ಹಾವೋ

ಕತ್ತಲಲ್ಲಿ ಹಗ್ಗವನ್ನು ಹಾವೆಂದು ಹೆದರುವವರುಂಟು; ಹಾವನ್ನು ಹಗ್ಗವೆಂದು ತುಳಿಯುವವರೂ ಉಂಟು. ದೀಪ ತಂದರೆ ಎರಡು ಅಪಾಯವೂ ತಪ್ಪುವುದು. ಸ್ತನದಲ್ಲಿ ಗಡ್ಡೆ ಕಂಡ ಹೆಂಗಸರ ಪಾಲಿಗೆ ಈ ಮಾತು ಎಷ್ಟು ಸತ್ಯವೆಂಬುದು ಕಳೆದ ವರ್ಷ ನನಗೆ ಮನವರಿಕೆಯಾಯಿತು.

ಪಡೀಲಿನ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿನವಳು. ಬೀಡಿ ಕಟ್ಟಿ ಸಂಸಾರ ನಡೆಸುವ ನನ್ನ ಚಿಕ್ಕಮ್ಮ ಎದೆಯ ಗಡ್ಡೆಯನ್ನು ನಾಚಿಕೆಯಿಂದ ಆರು ತಿಂಗಳು ಮುಚ್ಚಿಟ್ಟಿದ್ದರು. ಕಡೆಗೆ ಪರೀಕ್ಷೆಯಾಯಿತು. ಇಂಗ್ಲಿಷಿನ ವರದಿಯನ್ನು ನನ್ನ ಕೈಗಿತ್ತು, "ನೀನು ಬಿ.ಎ. ಓದುತ್ತೀಯಲ್ಲ ಮಗಾ, ಇದರಲ್ಲಿ ಏನುಂಟು ಹೇಳು" ಎಂದರು. ಇತಿಹಾಸದ ವಿದ್ಯಾರ್ಥಿನಿಯಾದ ನನಗೆ ತಿಳಿದದ್ದು ಅವರ ಹೆಸರು, ವಯಸ್ಸು ಇಷ್ಟೇ. ‘ಪಿ63 ಪಾಸಿಟಿವ್’ ಎಂಬಲ್ಲಿ ಎದೆ ಝಲ್ಲೆಂದಿತು. ಅದು ಶುಭವಾರ್ತೆಯೆಂದು ಗೊತ್ತಾದದ್ದು ಮರುದಿನ, ವೈದ್ಯರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದಾಗ.

ಹಾಲಿನ ನಾಳಗಳಿಗೆ ಒಳಗೊಂದು, ಹೊರಗೊಂದು ಹೀಗೆ ಎರಡು ಸಾಲು ಜೀವಕೋಶಗಳಿವೆ. ಹೊರಸಾಲು ನಮ್ಮ ಮನೆಗಳ ಕೆಂಪುಕಲ್ಲಿನ ಪಾಗಾರದಂತೆ. ನಿರುಪದ್ರವಿ ಗಡ್ಡೆಯಲ್ಲಿ ಸಾಮಾನ್ಯವಾಗಿ ಈ ಪಾಗಾರ ನಿಂತಿರುತ್ತದೆ. ಸುತ್ತಲಿನ ಅಂಗಾಂಶಕ್ಕೆ ನುಗ್ಗಿದ ಕ್ಯಾನ್ಸರಿನಲ್ಲಿ ಅದು ಉಳಿದಿರುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿಯೂ ಸಂಶಯ ತೀರದಿದ್ದರೆ, ಹೊರಸಾಲಿನ ಪಿ63, ಕ್ಯಾಲ್ಪೋನಿನ್ ಎಂಬ ಪ್ರೋಟೀನುಗಳನ್ನು ಪ್ರತಿಕಾಯಗಳ ಸಹಾಯದಿಂದ ಹುಡುಕಿ ಬಣ್ಣ ಬರಿಸುತ್ತಾರೆ. ಬಣ್ಣ ಬಂದಲ್ಲಿ ಪಾಗಾರವುಂಟೆಂದು ಅರ್ಥ. ಆದರೆ ನಾಳದೊಳಗೇ ಅಡಗಿರುವ ಕ್ಯಾನ್ಸರಿನಲ್ಲಿಯೂ ಪಾಗಾರ ಉಳಿದಿರಬಹುದು. ಆದುದರಿಂದ ತಜ್ಞರು ಒಂದೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡುವುದಿಲ್ಲ.

ಈಸ್ಟ್ರೋಜನ್ ಗ್ರಾಹಕ, ಹರ್2 ಎಂಬ ಹೆಸರುಗಳನ್ನೂ ನಾವು ಕೇಳುತ್ತೇವೆ. ಅವುಗಳ ಕೆಲಸ ಬೇರೆ. ಕ್ಯಾನ್ಸರ್ ಹೌದೆಂದು ನಿಶ್ಚಯವಾದ ಮೇಲೆ ಯಾವ ಮದ್ದು ಫಲಿಸೀತೆಂಬುದನ್ನು ಅವು ಸೂಚಿಸುತ್ತವೆ. ಹರ್2 ಅಧಿಕವಾಗಿರುವವರಿಗೆ ಕೊಡುವ ಟ್ರಾಸ್ಟುಜುಮ್ಯಾಬ್ ಅಮೇರಿಕೆಯಲ್ಲಿ ಮಂಜೂರಾದದ್ದು 1998ರಲ್ಲಿ.

ನಮ್ಮ ವಯಸ್ಸಿನ ಹುಡುಗಿಯರಲ್ಲಿ ಕಾಣುವ ಗಡ್ಡೆಗಳು ಬಹುಮಟ್ಟಿಗೆ ಫೈಬ್ರೋಅಡಿನೋಮ ಎಂಬ ನಿರುಪದ್ರವಿ ಜಾತಿಯವು. 2014ರಲ್ಲಿ ಸಿಂಗಾಪುರದ ಸಂಶೋಧಕರು ತಾವು ಪರೀಕ್ಷಿಸಿದ ಇಂತಹ ಗಡ್ಡೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಮೆಡ್12 ಎಂಬ ಜೀನಿನ ಬದಲಾವಣೆಯನ್ನು ಕಂಡರು. ನಮ್ಮ ರಾಜ್ಯದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದಾಗ ಪಿ63 ಇನ್ನೂ ಪತ್ತೆಯೇ ಆಗಿರಲಿಲ್ಲ. ವಿಜ್ಞಾನ ಅಷ್ಟು ದೂರ ನಡೆದು ಬಂದಿದೆ.

ಚಿಕ್ಕಮ್ಮನ ಗಡ್ಡೆ ಕ್ಯಾನ್ಸರ್ ಆಗಿರಲಿಲ್ಲ. ಆಗಿದ್ದಿದ್ದರೆ ಆ ಆರು ತಿಂಗಳು ಬಹು ದುಬಾರಿಯಾಗುತ್ತಿತ್ತು. ಯಾವ ಪರೀಕ್ಷೆಯಾದರೂ ಗಡ್ಡೆಯನ್ನು ತೋರಿಸಿದ ಮೇಲಷ್ಟೇ ಪ್ರಯೋಜನಕ್ಕೆ ಬರುವುದು. ಮನೆಯಲ್ಲಿ ಮೊದಲು ಓದಿದವರಾದ ನಾವು ತಾಯಿಯೊಡನೆ, ಅಕ್ಕತಂಗಿಯರೊಡನೆ ಈ ವಿಷಯವನ್ನು ಸಂಕೋಚವಿಲ್ಲದೆ ಮಾತನಾಡೋಣ. ಅಗತ್ಯಬಿದ್ದರೆ ಅವರ ಜೊತೆಯಲ್ಲಿ ಆಸ್ಪತ್ರೆಗೂ ಹೋಗೋಣ.