ಗುಂಡ್ಲಕಮ್ಮದ ದಡದಲ್ಲಿ ಒಂದು ದಿನ

ಚೆನ್ನೈನಲ್ಲಿ ಹುಟ್ಟಿ ಬೆಳೆದ ನಿಮಗೆಲ್ಲ ಬಕಿಂಗ್‌ಹ್ಯಾಮ್ ಕಾಲುವೆ ಗೊತ್ತು. ಗೊತ್ತು ಅಂದರೆ ಮೂಗಿಗೆ ಗೊತ್ತು! ಮೈಲಾಪುರದ ನಮ್ಮ ಮನೆಯ ಹಿಂದೆಯೇ ಅದು ಹರಿಯುತ್ತದೆ. ಹರಿಯುತ್ತದೆ ಅನ್ನುವುದೂ ತಪ್ಪೇ, ಸುಮ್ಮನೆ ನಿಂತಿರುತ್ತದೆ. ಕಪ್ಪು ನೀರು, ಅದರ ನಡುವೆ ಲೋಕಲ್ ರೈಲಿನ ಕಾಂಕ್ರೀಟ್ ಕಂಬಗಳು. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಮಾಡಿದ ಕೆಲಸವೆಂದರೆ ಆ ಕಡೆಯ ಕಿಟಕಿ ಮುಚ್ಚಿಡುವುದೊಂದೇ.

ಈ ಕಾಲುವೆಯನ್ನು ತೋಡಿದವರು ಯಾರು ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ನಮ್ಮ ಮಹಡಿಯಲ್ಲೇ ಎದುರು ಮನೆಯಲ್ಲಿರುವ ನಿವೃತ್ತ ಶಿಕ್ಷಕಿಯೊಬ್ಬರು ಒಂದು ಸಂಜೆ ಬಾಲ್ಕನಿಯಲ್ಲಿ ನಿಂತು, "ನಮ್ಮ ಮುತ್ತಾತ ಈ ಕಾಲುವೆಗೆ ಮಣ್ಣು ಹೊತ್ತವರು. ಇಲ್ಲಲ್ಲ, ಒಂಗೋಲಿನ ಹತ್ತಿರ" ಎಂದರು. ಅವರ ಮಾತೃಭಾಷೆ ತೆಲುಗು, ಸೇರಿದ್ದು ಬ್ಯಾಪ್ಟಿಸ್ಟ್ ಚರ್ಚಿಗೆ. ಹತ್ತು ವರ್ಷ ಎದುರುಬದುರು ಇದ್ದೂ ಅವರ ಊರು ಯಾವುದೆಂದು ನಾನು ಕೇಳಿರಲಿಲ್ಲ. ಅವರು ಬಂಧುಗಳ ಮನೆಯ ಸಮಾರಂಭಕ್ಕೆ ಒಂಗೋಲಿಗೆ ಹೊರಟಾಗ ನಾನೂ ಜೊತೆಯಾದೆ.

ಚೆನ್ನೈ ಸೆಂಟ್ರಲ್‌ನಿಂದ ಒಂಗೋಲು ಸುಮಾರು 300 ಕಿಲೋಮೀಟರ್. ಬೆಳಗಿನ ಗಾಡಿ. ಸೂಳೂರುಪೇಟೆ, ಗೂಡೂರು ದಾಟಿ ನೆಲ್ಲೂರು ಬರುವ ಹೊತ್ತಿಗೆ ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ಮುಗಿದಿತ್ತು. ಅಲ್ಲಿಂದಲೇ ಗೆಳತಿ ಕಥೆ ಶುರು ಮಾಡಿದರು, ಏಕೆಂದರೆ ಒಂಗೋಲಿನ ಕಥೆ ಹುಟ್ಟುವುದೇ ನೆಲ್ಲೂರಿನಲ್ಲಿ.

ಅಮೆರಿಕದ ಬ್ಯಾಪ್ಟಿಸ್ಟರು ತೆಲುಗು ನಾಡಿಗೆ ಬಂದದ್ದು 1836ರಲ್ಲಿ. 1840ರಲ್ಲಿ ಸ್ಯಾಮ್ಯುಯೆಲ್ ಡೇ ಎಂಬ ಪಾದ್ರಿ ನೆಲ್ಲೂರಿನಲ್ಲಿ ನೆಲೆಯೂರಿದರು. ವರ್ಷಗಳು ಉರುಳಿದರೂ ಕೈಬೆರಳಲ್ಲಿ ಎಣಿಸುವಷ್ಟು ಜನರೂ ಸೇರಲಿಲ್ಲ. 1853ರಲ್ಲಿ ಅಮೆರಿಕದ ಆಲ್ಬನಿ ನಗರದಲ್ಲಿ ಸಭೆ ಸೇರಿ, ಈ ಕೆಲಸವನ್ನು ಮುಚ್ಚಿಬಿಡೋಣವೇ ಎಂದು ಚರ್ಚಿಸಿದರಂತೆ. ಅವರ ಭೂಪಟದಲ್ಲಿ ಒಂದೊಂದು ಕೇಂದ್ರಕ್ಕೂ ಒಂದೊಂದು ನಕ್ಷತ್ರದ ಗುರುತು. ಬರ್ಮಾದ ಕಡೆ ನಕ್ಷತ್ರಗಳ ಗುಂಪು, ಬಂಗಾಳ ಕೊಲ್ಲಿಯ ಈಚೆಗೆ ನೆಲ್ಲೂರು ಒಂದೇ. ಆ ಒಂಟಿ ನಕ್ಷತ್ರದ ಮೇಲೆ ಸ್ಯಾಮ್ಯುಯೆಲ್ ಫ್ರಾನ್ಸಿಸ್ ಸ್ಮಿತ್ ಎಂಬ ಕವಿ ಅಂದು ರಾತ್ರಿಯೇ ಪದ್ಯ ಬರೆದರು. ಕೇಂದ್ರ ಉಳಿಯಿತು. ಅಂದಿನಿಂದ ಅದಕ್ಕೆ 'ಒಂಟಿ ನಕ್ಷತ್ರ' ಎಂದೇ ಹೆಸರು.

ಒಂಗೋಲು ಎಂದರೆ ನಮಗೆಲ್ಲ ನೆನಪಿಗೆ ಬರುವುದು ಆ ದೊಡ್ಡ ಬಿಳಿ ಎತ್ತುಗಳು. ಆ ತಳಿ ಬ್ರೆಜಿಲ್ ದೇಶಕ್ಕೂ ಹೋಗಿ, ಅಲ್ಲಿ ನೆಲ್ಲೂರಿನ ಹೆಸರಿನಲ್ಲೇ ಬೆಳೆದಿದೆ. ಈಗ ಒಂಗೋಲು ಪ್ರಕಾಶಂ ಜಿಲ್ಲೆಯ ಮುಖ್ಯ ಪಟ್ಟಣ. ಸ್ಟೇಷನ್ನಿನಿಂದ ಆಟೋ ಹತ್ತಿ ಮೊದಲು ಹೋದದ್ದು ಪ್ರಾರ್ಥನೆಯ ಗುಡ್ಡಕ್ಕೆ. ತಿರುಪತಿಯಂಥ ಬೆಟ್ಟವನ್ನು ಕಲ್ಪಿಸಿಕೊಳ್ಳಬೇಡಿ! ಕಲ್ಲು, ಕುರುಚಲು ಗಿಡ, ಕೆಳಗೆ ಹರಡಿಕೊಂಡ ಊರು. ಮೊಣಕಾಲು ನೋವಿನ ನಾನೂ ಅಲ್ಲಲ್ಲಿ ನಿಂತು ಹತ್ತಿದೆ.

1854ರ ಜನವರಿ 1ರ ಮುಂಜಾನೆ, ಇನ್ನೂ ಸೂರ್ಯ ಹುಟ್ಟುವ ಮೊದಲು, ಇಲ್ಲಿಗೆ ಐದು ಜನ ಬಂದಿದ್ದರು. ಲೈಮನ್ ಜ್ಯೂಯೆಟ್, ಅವರ ಪತ್ನಿ, ನೆಲ್ಲೂರಿನಿಂದ ಜೊತೆಗೆ ಬಂದ ನರಸು, ಜೂಲಿಯಾ ಮತ್ತು ರೂತ್. ಕೆಳಗಿನ ಊರಿಗೆ ಒಬ್ಬ ಕೆಲಸಗಾರನನ್ನು ಕಳಿಸು ಎಂದು ಒಬ್ಬೊಬ್ಬರೂ ಪ್ರಾರ್ಥಿಸಿದರಂತೆ. ಐವರಲ್ಲಿ ಮೂವರು ಹೆಂಗಸರು. ಇದನ್ನು ನೀವು ಗಮನಿಸಬೇಕೆಂದೇ ಬರೆಯುತ್ತಿದ್ದೇನೆ. ಚಿಕ್ಕಂದಿನಲ್ಲಿ ಹೊಸ ವರ್ಷದ ದಿನ ನಸುಕಿನಲ್ಲೇ ಎಬ್ಬಿಸಿ ತಮ್ಮನ್ನು ಈ ಗುಡ್ಡಕ್ಕೆ ಕರೆತರುತ್ತಿದ್ದುದನ್ನೂ, ಚಳಿಗೆ ಅಮ್ಮನ ಸೆರಗಿನೊಳಗೆ ಅವಿತುಕೊಳ್ಳುತ್ತಿದ್ದುದನ್ನೂ ಗೆಳತಿ ನೆನೆದು ನಕ್ಕರು.

ಕೆಲಸಗಾರ ಬಂದದ್ದು ಹನ್ನೊಂದು ವರ್ಷ ಕಳೆದ ಮೇಲೆ. ಹೆಸರು ಜಾನ್ ಕ್ಲೌ. ಪಾದ್ರಿಯಾಗುವ ಮೊದಲು ಮಿನ್ನೆಸೋಟದಲ್ಲಿ ಸರಪಣಿ ಹಿಡಿದು ಭೂಮಿ ಅಳೆಯುತ್ತಿದ್ದ ಸರ್ವೇಯರ್. 1865ರಲ್ಲಿ ನೆಲ್ಲೂರು ಮುಟ್ಟಿ, 1866ರಲ್ಲಿ ಪತ್ನಿ ಹ್ಯಾರಿಯೆಟ್ ಜೊತೆ ಒಂಗೋಲಿಗೆ ಬಂದರು. 1867ರ ಜನವರಿ 1ರಂದು ಒಂಗೋಲಿನ ಚರ್ಚು ಸ್ಥಾಪನೆಯಾಯಿತು. ಸದಸ್ಯರು ಒಟ್ಟು ಎಂಟು!

ಬ್ಯಾಪ್ಟಿಸ್ಟರು ಎಂದರೆ ಯಾರೆಂದು ನಿಮ್ಮಲ್ಲಿ ಕೆಲವರಿಗೆ ತಿಳಿಯದಿರಬಹುದು. ಅವರು ಎಳೆಗೂಸುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಬುದ್ಧಿ ತಿಳಿದವರು ತಾವೇ ಬಾಯಿಬಿಟ್ಟು ನಂಬಿಕೆ ಹೇಳಬೇಕು, ಆಮೇಲೆ ನೀರಿನಲ್ಲಿ ಪೂರ್ತಿ ಮುಳುಗಿ ಏಳಬೇಕು. ಆದ್ದರಿಂದ ಅವರ ಚರಿತ್ರೆಯಲ್ಲಿ ಹೊಳೆಗೂ ಕೆರೆಗೂ ದೊಡ್ಡ ಪಾತ್ರ.

ಈ ಚರ್ಚನ್ನು ಬೆಳೆಸಿದವರು ಕ್ಲೌ ಒಬ್ಬರೇ ಎಂದುಕೊಂಡರೆ ತಪ್ಪು. ಯರ್ರಗುಂಟ್ಲ ಪೇರಯ್ಯ ಎಂಬುವರಿದ್ದರು. ಒಂಗೋಲಿನ ಪಶ್ಚಿಮಕ್ಕಿರುವ ತಾಳ್ಳಕೊಂಡಪಾಡು ಕಡೆಯ ಮಾದಿಗರು, ಚರ್ಮ ಹದ ಮಾಡಿ ಮಾರುವ ವೃತ್ತಿ. ಮೊದಲೇ ಒಬ್ಬ ಯೋಗಿಯ ಪಂಥದಲ್ಲಿ ಸೇರಿ ವರ್ಷಗಟ್ಟಲೆ ದೇವರನ್ನು ಹುಡುಕಿದವರು. ವ್ಯಾಪಾರಕ್ಕೆ ಏಲೂರಿನ ಕಡೆ ಹೋದಾಗ ಕ್ರಿಸ್ತನ ವಿಷಯ ಕೇಳಿ, 1866ರಲ್ಲಿ ಚರ್ಚಿಗೆ ಸೇರಿದರು. ಮರುವರ್ಷದ ಜನವರಿಯಲ್ಲಿ ಕ್ಲೌ ಅವರ ಊರಿಗೆ ಹೋಗಿ ಹುಣಿಸೆ ತೋಪಿನಲ್ಲಿ ಡೇರೆ ಹಾಕಿದಾಗ 28 ಜನ ದೀಕ್ಷೆ ಪಡೆದರು. ಅವರೆಲ್ಲ ಪೇರಯ್ಯನವರ ಬಂಧುಬಳಗ, ನೆರೆಹೊರೆ. ಚಪ್ಪಲಿ ಹೊಲಿಯುವವರು ತಮ್ಮ ತಮ್ಮ ನೆಂಟರಿಗೆ ಹೇಳುತ್ತಾ ಹೋದರು, ಚರ್ಚು ಆ ನೆಂಟಸ್ತನದ ದಾರಿಯಲ್ಲೇ ಬೆಳೆಯಿತು. ಕ್ಲೌ ಅವರ ಎರಡನೆಯ ಪತ್ನಿ ಎಮ್ಮಾ ಈ ಜನರ ಕಥೆಗಳನ್ನು ಅವರಿಂದಲೇ ಕೇಳಿ, 1899ರಲ್ಲಿ 'ವೈಲ್ ಸ್ಯೂಯಿಂಗ್ ಸ್ಯಾಂಡಲ್ಸ್' ಎಂಬ ಪುಸ್ತಕ ಬರೆದರು.

ಇಲ್ಲೇ ಒಂದು ಪರೀಕ್ಷೆ ಬಂತು. ಕ್ಲೌ ಶಾಲೆಗೆ ಮೇಲುಜಾತಿಯ ಹುಡುಗರು ಬರುತ್ತಿದ್ದರು, ಊರ ಗಣ್ಯರಿಗೂ ಅವರಲ್ಲಿ ವಿಶ್ವಾಸವಿತ್ತು. ಮಾದಿಗರನ್ನು ಸೇರಿಸಿಕೊಂಡರೆ ನಾವು ಬರುವುದಿಲ್ಲ ಎಂಬ ಮಾತು ಹುಟ್ಟಿತು. ಯಾರನ್ನು ಆರಿಸುವುದು? ಕ್ಲೌ ತಮ್ಮ ಕೋಣೆಯಲ್ಲಿ ಬೈಬಲ್ ತೆರೆದರು, ಅದೇ ಹೊತ್ತಿಗೆ ಹ್ಯಾರಿಯೆಟ್ ಬೇರೆ ಕೋಣೆಯಲ್ಲಿ ತೆರೆದರು. ಲೋಕವು ಹೀನವೆಂದು ತಳ್ಳಿದವರನ್ನೇ ದೇವರು ಆರಿಸಿಕೊಂಡನು ಎಂಬ ಅರ್ಥದ ಒಂದೇ ಭಾಗ ಇಬ್ಬರ ಕಣ್ಣಿಗೂ ಬಿತ್ತೆಂದು ಕ್ಲೌ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಮಾದಿಗರು ಉಳಿದರು, ಮೇಲುಜಾತಿಯ ಹುಡುಗರು ಶಾಲೆ ಬಿಟ್ಟರು.

ಸೇರಿದವರಿಗೆ ನಿಯಮಗಳೂ ಸುಲಭವಾಗಿರಲಿಲ್ಲ. ಭಾನುವಾರ ಕೆಲಸ ಮಾಡಬಾರದು, ಸತ್ತ ದನದ ಮಾಂಸ ತಿನ್ನಬಾರದು, ವಿಗ್ರಹ ಪೂಜಿಸಬಾರದು. ಓದಲು ಸರಳ. ಆದರೆ ಊರಿನ ಜಾತ್ರೆಗೆ ತಮಟೆ ಬಾರಿಸುವುದು, ಬಿಟ್ಟಿ ಚಾಕರಿ ಮಾಡುವುದು, ಕರೆದಾಗ ಓಡಿಬರುವುದು ಅವರ ಪಾಲಿನ ಕರ್ತವ್ಯವೆಂದು ಊರು ನಂಬಿತ್ತು. ಒಬ್ಬ ಬಾರಿಸುವುದಿಲ್ಲ ಎಂದರೆ ಇಡೀ ಕೇರಿಗೆ ಕೂಲಿಯಿಲ್ಲ, ನೀರಿಲ್ಲ. ಅದನ್ನೆಲ್ಲ ಸಹಿಸಿದರು.

ಅಷ್ಟರಲ್ಲಿ ಬಂತು 1876ರ ಬರ. ಅದು ನಮ್ಮವರಿಗೂ ಗೊತ್ತಿರುವ ಬರ, ಧಾತು-ಈಶ್ವರ ಸಂವತ್ಸರಗಳ ಬರ. ಚಿತ್ರದುರ್ಗ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ, ತಟ್ಟೆಯಲ್ಲಿ ಅನ್ನ ಬಿಟ್ಟರೆ ಅಜ್ಜಿ, "ಧಾತು ಬರ ಬಂದಿದ್ದರೆ ತಿಳೀತಿತ್ತು ನಿಂಗೆ" ಎನ್ನುತ್ತಿದ್ದರು. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಸಂಖ್ಯೆ ಹೀಗೆ ಕುಸಿದಿತ್ತು ಎಂದರೆ ಆ ಬರವನ್ನು ನೀವೇ ಊಹಿಸಿಕೊಳ್ಳಿ.

ಮದರಾಸು ಸರ್ಕಾರ ಬರಪರಿಹಾರಕ್ಕೆಂದು ಕಾಲುವೆ ತೋಡಿಸಿತು. ನಮ್ಮ ಮನೆಯ ಹಿಂದಿನ, ಕೂವಂ ಮತ್ತು ಅಡ್ಯಾರ್ ನದಿಗಳನ್ನು ಕೂಡಿಸುವ ಭಾಗವೂ 1877-78ರಲ್ಲಿ ಹಸಿದವರ ಕೈಯಿಂದಲೇ ಆದದ್ದು. ಕಾಲುವೆಗೆ ಗವರ್ನರ್ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್ ಅವರ ಹೆಸರು ಬಂತು. ಒಂಗೋಲಿನ ಕಡೆ ಮೇಸ್ತ್ರಿಗಳು ಅಸ್ಪೃಶ್ಯರನ್ನು ಬೈದು ಅಟ್ಟುವುದು, ಕೂಲಿಯಲ್ಲಿ ಮೋಸ ಮಾಡುವುದು ನಡೆದಿತ್ತು. ಆಗ ಹಳೆಯ ಸರ್ವೇಯರ್‌ ವಿದ್ಯೆ ಕೆಲಸಕ್ಕೆ ಬಂತು. ಕ್ಲೌ ತಾವೇ ಸುಮಾರು ಮೂರೂವರೆ ಮೈಲಿ ಕಾಲುವೆಯ ಗುತ್ತಿಗೆ ಹಿಡಿದರು. ತಮ್ಮ ಬೋಧಕರನ್ನೇ ಮೇಲ್ವಿಚಾರಕರಾಗಿ ನೇಮಿಸಿ ಸಾವಿರಾರು ಜನರಿಗೆ ನ್ಯಾಯವಾದ ಕೂಲಿ ಕೊಟ್ಟರು. ಹಗಲು ಮಣ್ಣು, ಬಿಡುವಿನಲ್ಲಿ ಮಾತು. ನನ್ನ ಗೆಳತಿಯ ಮುತ್ತಾತ ಮಣ್ಣು ಹೊತ್ತದ್ದು ಅಲ್ಲಿ.

ಇಲ್ಲಿ ನಾನು ನಿಲ್ಲಿಸಿ, ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟೆ. "ಹಾಗಾದರೆ ಅಕ್ಕಿಗಾಗಿ ಸೇರಿದರು ಅನ್ನುತ್ತಾರಲ್ಲ, ಅದು ನಿಜವೇ?" ಅವರು ಕೋಪಿಸಿಕೊಳ್ಳಲಿಲ್ಲ. ಈ ಪ್ರಶ್ನೆ ಅವರಿಗೆ ಹೊಸದಲ್ಲ. ಆ ಅನುಮಾನ ಕ್ಲೌಗೂ ಇತ್ತು ಎಂದರು. ಆದ್ದರಿಂದಲೇ ಬರದ ಕಾಲದ 15 ತಿಂಗಳು ಅವರು ಯಾರಿಗೂ ದೀಕ್ಷೆ ಕೊಡಲಿಲ್ಲ. ಜನ ಕೇಳಿದರೂ ಕಾಯಿಸಿದರು. 1878ರ ನಡುವಿನಲ್ಲಿ, ಪರಿಹಾರದ ಹಣ ಮುಗಿಯಿತು, ಇನ್ನು ಕೊಡಲು ಏನೂ ಇಲ್ಲ ಎಂದು ಹೇಳಿದ ಮೇಲೂ ಜನ ಬಂದರು. ಪಟ್ಟಣದಲ್ಲಿ ಗುಂಪು ಸೇರಿದರೆ ರೋಗ ಹರಡೀತೆಂದು 10 ಮೈಲಿ ಉತ್ತರದ ವೆಲ್ಲಂಪಲ್ಲಿಗೆ, ಗುಂಡ್ಲಕಮ್ಮ ನದಿಯ ದಡಕ್ಕೆ ಬರಹೇಳಿದರು.

ಮಧ್ಯಾಹ್ನ ನಾವೂ ಆ ನದಿಗೆ ಹೋದೆವು. ನಲ್ಲಮಲೆಯಿಂದ ಇಳಿದು ಬರುವ ನದಿ. ನಾವು ಹೋದಾಗ ನೀರಿಗಿಂತ ಮರಳೇ ಹೆಚ್ಚಿತ್ತು. ಎಮ್ಮೆಗಳು ಒಂದು ಮಡುವಿನಲ್ಲಿ ಬಿದ್ದುಕೊಂಡಿದ್ದವು. 1878ರ ಜುಲೈ 2ರಂದು ಇಲ್ಲಿ 614 ಜನ, ಮರುದಿನ 2,222, ಅದರ ಮರುದಿನ 700. ಮೂರು ದಿನಕ್ಕೆ 3,536. ಆರು ಜನ ತೆಲುಗು ಬೋಧಕರು, ಇಬ್ಬಿಬ್ಬರಂತೆ ಸರದಿಯಲ್ಲಿ ನೀರಿಗಿಳಿದರು. ದಡದಲ್ಲಿ ಗುಮಾಸ್ತರು ಹೆಸರು ಓದುತ್ತಿದ್ದರು. ಆ 2,222ರಲ್ಲಿ ಒಬ್ಬರಿಗೂ ಕ್ಲೌ ತಾವಾಗಿ ದೀಕ್ಷೆ ಕೊಡಲಿಲ್ಲ. ಎಲ್ಲರನ್ನೂ ಮುಳುಗಿಸಿ ಎಬ್ಬಿಸಿದ್ದು ಇಲ್ಲಿಯವರ ಕೈಗಳೇ.

"ಅಕ್ಕಿಯೂ ಇತ್ತು, ಇರಲಿಲ್ಲ ಅನ್ನಲಾರೆ" ಎಂದರು ಗೆಳತಿ. "ಸಾಯುವವರನ್ನು ಯಾರು ಉಳಿಸಿದರೋ ಅವರ ದೇವರನ್ನು ನಂಬಿದರು. ಆದರೆ ಮುತ್ತಾತ ಹೇಳುತ್ತಿದ್ದುದು ಬೇರೆ. ಅವತ್ತು ಎಲ್ಲರೆದುರು ನನ್ನ ಹೆಸರು ಹಿಡಿದು ಕರೆದರು ಅಂತ."

ಅಲ್ಲಿಗೆ ಎಲ್ಲವೂ ಸುಖಾಂತವಾಯಿತೆಂದು ನಾನು ಬರೆಯಲಾರೆ. ಜಾತಿ ನೀರಿನಲ್ಲಿ ಕರಗಲಿಲ್ಲ. ಮಾಲ, ಮಾದಿಗ ಎಂಬ ಭೇದ ಚರ್ಚಿನೊಳಗೂ ಬಂತು. ಸ್ವಾತಂತ್ರ್ಯದ ಮೇಲೆ, 1950ರ ರಾಷ್ಟ್ರಪತಿಗಳ ಆದೇಶದಂತೆ ಪರಿಶಿಷ್ಟ ಜಾತಿಯ ಸೌಲಭ್ಯ ಕ್ರೈಸ್ತರಾದವರಿಗೆ ಸಿಗದೆ ಹೋಯಿತು. ಊರು ನೋಡುವ ದೃಷ್ಟಿ ಹಳೆಯದೇ, ಕಾಗದದಲ್ಲಿ ಮಾತ್ರ ಬೇರೆ. ಆದರೂ ಆ ಹಳ್ಳಿಗಳಲ್ಲಿ ಬೋಧಕರೂ ಅವರ ಹೆಂಡಿರೂ ನಡೆಸಿದ ಪುಟ್ಟ ಶಾಲೆಗಳಿಂದ ಶಿಕ್ಷಕರು, ದಾದಿಯರು ಹೊರಬಂದರು. ನನ್ನ ಗೆಳತಿಯ ಅಜ್ಜಿ ಓದು ಕಲಿತ ಕಾಲಕ್ಕೆ, ನಾಲ್ಕು ಎಕರೆ ಗದ್ದೆಯಿದ್ದ ನನ್ನ ಅಜ್ಜಿಗೆ ರುಜು ಹಾಕಲೂ ಬರುತ್ತಿರಲಿಲ್ಲ.

ದಡದಲ್ಲಿ ಕೂತಾಗ ನನಗೆ ನಮ್ಮೂರಿನ ಒಬ್ಬ ಮುದುಕ ನೆನಪಾದ. ಚಪ್ಪಲಿ ಹೊಲಿದುಕೊಡಲು ಬರುತ್ತಿದ್ದ, ಹಿತ್ತಿಲ ಬೇಲಿಯ ಹೊರಗೆ ಕೂರುತ್ತಿದ್ದ. ಬಾಯಾರಿಕೆ ಎಂದರೆ ಅಜ್ಜಿ ನನ್ನ ಕೈಗೆ ಚೊಂಬು ಕೊಟ್ಟು ಕಳಿಸುತ್ತಿದ್ದರು. ಅವನು ಬೊಗಸೆ ಒಡ್ಡಬೇಕು, ನಾನು ಮೇಲಿನಿಂದ ಸುರಿಯಬೇಕು, ಚೊಂಬು ತಾಗಬಾರದು. ಎಂಟು ವರ್ಷದ ನನಗೆ ಅದೊಂದು ಆಟ. ಎಷ್ಟು ಎತ್ತರದಿಂದ ಸುರಿದರೂ ಚೆಲ್ಲುವುದಿಲ್ಲ ನೋಡು ಎಂದು ಜಂಬ. ಅವನ ಹೆಸರೇನೆಂದು ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ನನಗೆ ಗೊತ್ತೇ ಇರಲಿಲ್ಲವೇನೋ.

ಹಿಂದಿರುಗುವಾಗ ರೈಲಿನಲ್ಲಿ ಗೆಳತಿಗೆ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು. "ನಮ್ಮ ಅಜ್ಜಿಗೂ ಹಾಗೇ ಹಾಕುತ್ತಿದ್ದರಂತೆ" ಎಂದು, ಕಿತ್ತಳೆ ಸುಲಿದು ಅರ್ಧ ನನ್ನ ಕೈಗಿಟ್ಟರು. ಆಮೇಲೆ ಇಬ್ಬರೂ ಮೊಮ್ಮಕ್ಕಳ ವಿಷಯ ಮಾತಾಡಿದೆವು.

ಮಕ್ಕಳೇ, ನೀವು ನಮ್ಮೂರುಗಳನ್ನು ರಜೆಯಲ್ಲಿ ನೋಡಿದವರು. ಅಲ್ಲಿಯ ಹಬ್ಬ, ಹೋಳಿಗೆ, ತೋಟಗಳ ಕಥೆಯನ್ನು ನಾವು ನಿಮಗೆ ಸಾಕಷ್ಟು ಹೇಳಿದ್ದೇವೆ. ಹಿತ್ತಿಲ ಬೇಲಿಯ ಕಥೆ ಹೇಳಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಅಜ್ಜ ಅಜ್ಜಿಯರನ್ನು ಅದನ್ನೂ ಕೇಳಿ. ಒಂಗೋಲು ನಿಮಗೆ ದೂರವಲ್ಲ, ಬೆಳಗಿನ ಗಾಡಿ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ತಲುಪಬಹುದು. ಗುಡ್ಡ ಹತ್ತುವುದಾದರೆ ಬಿಸಿಲೇರುವ ಮೊದಲು ಹತ್ತಿ, ನೀರು ತೆಗೆದುಕೊಂಡು ಹೋಗಿ.

ಕಾಲುವೆ ಕಡೆಯ ಕಿಟಕಿಯನ್ನು ನಾನು ಈಗಲೂ ಮುಚ್ಚಿಯೇ ಇಡುತ್ತೇನೆ, ವಾಸನೆ ಹಾಗಿದೆ. ಆದರೆ ಬೆಳಗ್ಗೆ ಒಮ್ಮೆ ತೆರೆದು ನೋಡುತ್ತೇನೆ.