ಶ್ರಾವಣದ ಸರದಿ ಭಜನೆ

ಸಂಗೀತೋತ್ಸವವೆಂದರೆ ಮಹಾನಗರದ ಕನ್ನಡಿಗರಿಗೆ ಸಭಾಗೃಹ, ವೇದಿಕೆ, ಪ್ರವೇಶಪತ್ರಗಳು ನೆನಪಾಗುವುದು ಸಹಜ. ಮರಾಠವಾಡೆಯ ಈ ಅಂಚಿನಲ್ಲಿ ಬಾಳುವ ನಮಗೆ ಉತ್ಸವವೆಂದರೆ ಶ್ರಾವಣ. ಆ ತಿಂಗಳಲ್ಲಿ ಉಮರಗಾ, ನಿಲಂಗಾ, ಉದಗೀರ ಸೀಮೆಯ ಓಣಿಗಳಲ್ಲಿ ಭಜನೆಯು ಒಂದು ಹೊಸ್ತಿಲಿನಿಂದ ಇನ್ನೊಂದಕ್ಕೆ ಸಾಗುತ್ತದೆ. ಇಂದು ಮಠದ ಪಡಸಾಲೆ, ನಾಳೆ ಹನುಮಂತದೇವರ ಕಟ್ಟೆ, ನಾಡಿದ್ದು ಯಾರದೋ ಮನೆಯ ಅಂಗಳ. ಆಮಂತ್ರಣವಿಲ್ಲ; ತಾಳದ ಸಪ್ಪಳವೇ ಕರೆ. ಹಾಡುವವರಿಗೆ ಸಂಭಾವನೆಯಿಲ್ಲ, ಕೇಳುವವರಿಗೆ ಶುಲ್ಕವಿಲ್ಲ. ಸರದಿ ಬಂದ ಮನೆಯವರು ಚಹಾ ಕೊಡುತ್ತಾರೆ, ಅನುಕೂಲವಿದ್ದರೆ ಚುರುಮುರಿ. ಬಡವರ ಮನೆಯ ಸರದಿಯನ್ನು ಯಾರೂ ದಾಟಿ ಹೋಗುವುದಿಲ್ಲ ಎಂಬುದೇ ಈ ಉತ್ಸವದ ಮೊದಲ ನಿಯಮ.

ನಾನು ಹುಟ್ಟಿದ್ದು ಉಮರಗಾ ತಾಲ್ಲೂಕಿನಲ್ಲಿ; ಅಕ್ಕನನ್ನು ಕೊಟ್ಟದ್ದು ನಿಲಂಗಾಕ್ಕೆ; ನಾನು ಅಳಿಯನಾದದ್ದು ಉದಗೀರಕ್ಕೆ. ಹೀಗಾಗಿ ಮೂರೂ ಕಡೆಯ ಧಾಟಿಗಳು ನನ್ನ ಕಿವಿಗೆ ಪರಿಚಿತ. ಈ ಊರುಗಳನ್ನು ಬೆಸೆದದ್ದು ಬೀಗತನ, ಬೇರ್ಪಡಿಸಿದ್ದು ಆಡಳಿತ. ನಿಜಾಮರ ಕಾಲದಲ್ಲಿ ನಿಲಂಗಾ, ಉದಗೀರಗಳು ಬೀದರ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಬೀದರವು ಮೈಸೂರು ರಾಜ್ಯಕ್ಕೆ ಸೇರಿತು. ಈ ಎರಡು ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಬಂದವು. ಉಮರಗಾ ಉಸ್ಮಾನಾಬಾದ ಜಿಲ್ಲೆಯಲ್ಲಿಯೇ ಉಳಿಯಿತು. ಕಚೇರಿ ಬದಲಾಯಿತು, ಶಾಲೆಯ ಭಾಷೆ ಬದಲಾಯಿತು. ಭಜನೆಯ ಸರದಿ ಮಾತ್ರ ಯಾವ ಆಯೋಗದ ಕಣ್ಣಿಗೂ ಬೀಳದೆ ಇದ್ದಂತೆಯೇ ಇತ್ತು.

ಅಲ್ಲಿ ಹಾಡುವುದೇನು? ಕಡಕೋಳ ಮಡಿವಾಳಪ್ಪನವರ ತತ್ವಪದಗಳು, ಶಿಶುನಾಳ ಶರೀಫರ ಪದಗಳು, ಅವುಗಳ ಬೆನ್ನಿಗೇ ಮನ್ಮಥಸ್ವಾಮಿಗಳ ಮರಾಠಿ ಅಭಂಗಗಳು. ಮಡಿವಾಳಪ್ಪನವರ ಶಿಷ್ಯರಲ್ಲಿ ಚೆನ್ನೂರಿನ ಜಲಾಲಸಾಹೇಬರೂ ಇದ್ದರು, ಖೈನೂರಿನ ಕೃಷ್ಣಪ್ಪನವರೂ ಇದ್ದರು. ಜಾತಿ ಕೇಳಿ ಕೂರಿಸುವ ಪರಂಪರೆ ಅದಲ್ಲ. ಇಲ್ಲಿಂದ ದೂರವಲ್ಲದ ಹುಮನಾಬಾದಿನ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಹಿಂದಿಗಳಲ್ಲಿ ಪದ ಕಟ್ಟಿದರು. ಗಡಿಯವನಿಗೆ ಎರಡು ಭಾಷೆಗಳು ಜಗಳದ ವಿಷಯವಲ್ಲ, ಎರಡು ಕೈಗಳಿದ್ದಂತೆ. ತಾಳ ಬಾರಿಸಲು ಎರಡೂ ಬೇಕು. ಪೇಟಿ, ತಬಲಾ, ದಮ್ಮಡಿ, ಏಕತಾರಿ ಇವಿಷ್ಟಿದ್ದರೆ ಮೇಳ ಪೂರ್ಣ. ಇಲ್ಲದಿದ್ದರೆ ಚಪ್ಪಾಳೆಯೇ ಸಾಕು.

ಈ ಸರದಿ ಒಮ್ಮೆ ಮುರಿದದ್ದನ್ನು ನಮ್ಮ ತಲೆಮಾರು ಕಂಡಿದೆ. 1993ರ ಸೆಪ್ಟೆಂಬರ್ 29ರಂದು ಗಣಪತಿಯನ್ನು ಕಳುಹಿಸಿ ಬಂದು ಜನ ದಣಿದು ಮಲಗಿದ್ದರು. ಬೆಳಗಿನ ಜಾವ 4 ಗಂಟೆಗೆ ಕೆಲವೇ ನಿಮಿಷಗಳಿರುವಾಗ ಭೂಮಿ ನಡುಗಿತು. ಕಿಲ್ಲಾರಿಯಲ್ಲಿ, ಅಂದಿನ ಉಮರಗಾ ತಾಲ್ಲೂಕಿನ ಸಾಸ್ತೂರದಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ ಸುಮಾರು 10,000 ಜನ ಮಡಿದರು. ತಲೆತಲಾಂತರದಿಂದ ಭಜನೆಗೆ ಆಶ್ರಯ ಕೊಟ್ಟಿದ್ದ ದಪ್ಪ ಕಲ್ಲುಗೋಡೆಯ, ಮಣ್ಣು ಮಾಳಿಗೆಯ ಮನೆಗಳೇ ಜನರ ಮೇಲೆ ಕುಸಿದವು. ತಿಂಗಳುಗಳ ಮೇಲೆ ತಗಡಿನ ಶೆಡ್ಡುಗಳ ಸಾಲಿನಲ್ಲಿ ಮೊದಲ ತಾಳ ಕೇಳಿದಾಗ ನಾನಲ್ಲಿದ್ದೆ. ಹಾಡಿದವರು ನಾಲ್ವರು, ಅವರಲ್ಲಿ ಇಬ್ಬರ ಮನೆಯಲ್ಲಿ ಅವರ ಹೊರತು ಯಾರೂ ಉಳಿದಿರಲಿಲ್ಲ. ಪದದ ನಡುವೆ ಒಬ್ಬರಿಗೆ ಕಂಠ ಬಿಗಿದರೆ ಇನ್ನೊಬ್ಬರು ನುಡಿಯನ್ನು ಎತ್ತಿಕೊಳ್ಳುತ್ತಿದ್ದರು. ಭಜನೆಯಲ್ಲಿ ಒಂದೇ ಸಾಲನ್ನು ಎರಡು ಗುಂಪುಗಳು ಏಕೆ ಮರುಹಾಡುತ್ತವೆ ಎಂಬುದು ನನಗೆ ಅಂದು ತಿಳಿಯಿತು.

ಬಳಿಕ ಹೊಸ ಊರುಗಳು ಎದ್ದವು. ಮನೆಗಳು ಭದ್ರವಾದವು, ರಸ್ತೆಗಳು ಅಗಲವಾದವು. ಆದರೆ ಓಣಿ ಹೋಯಿತು. ಗೋಡೆಗೆ ಗೋಡೆ ತಾಗಿದ್ದ ಹಳೆಯ ಊರಿನಲ್ಲಿ ಒಂದು ಮನೆಯ ಪದ ಹತ್ತು ಮನೆಗಳಿಗೆ ಕೇಳುತ್ತಿತ್ತು. ಕಾಯಿಲೆಯವರು ಹಾಸಿಗೆಯಿಂದಲೇ, ಬಾಣಂತಿ ಒಳಕೋಣೆಯಿಂದಲೇ ದನಿಗೂಡಿಸುತ್ತಿದ್ದರು. ಚೌಕಾಕಾರದ ನಿವೇಶನಗಳಲ್ಲಿ ಆ ದೂರವನ್ನು ಕ್ರಮಿಸಲು ಕೊರಳು ಸಾಲದು, ಧ್ವನಿವರ್ಧಕ ಬೇಕಾಯಿತು. ಅದರ ಹಿಂದೆಯೇ ಡಿಜೆ ಬಂದಿತು. ರಾತ್ರಿ 10ರ ಮೇಲೆ ಧ್ವನಿವರ್ಧಕ ಕೂಡದೆಂದು 2000ದ ಇಸವಿಯಿಂದ ಕಾಯಿದೆಯ ನಿಯಮವಿದೆ. ತಾಳ, ದಮ್ಮಡಿಗಳಿಗೆ ವಿದ್ಯುತ್ತೂ ಬೇಡ, ಧ್ವನಿವರ್ಧಕದ ಪರವಾನಿಗೆಯೂ ಬೇಡ ಎಂಬುದನ್ನು ನಮ್ಮ ತರುಣರಿಗೆ ಹೇಳಬೇಕಾಗಿದೆ.

ಫ್ರಾನ್ಸ್ ದೇಶದಲ್ಲಿ 1982ರ ಜೂನ್ 21ರಂದು ಅಲ್ಲಿನ ಸಂಸ್ಕೃತಿ ಸಚಿವಾಲಯವು ಬೀದಿಬೀದಿಯಲ್ಲಿ ಉಚಿತವಾಗಿ ಹಾಡಿ ನುಡಿಸುವ ಸಂಗೀತದ ಹಬ್ಬವನ್ನು ಆರಂಭಿಸಿತು. ಪಳಗಿದವರೂ ಹವ್ಯಾಸಿಗಳೂ ಒಂದೇ ದಿನ ಹೊರಗೆ ಬಂದು ನುಡಿಸುವ ಆ ಪದ್ಧತಿ ಅನೇಕ ದೇಶಗಳಿಗೆ ಹಬ್ಬಿದೆ. ಲಾತೂರ ಜಿಲ್ಲೆ ಹುಟ್ಟಿದ್ದೂ ಅದೇ ವರ್ಷದ ಆಗಸ್ಟಿನಲ್ಲಿ. ಅಲ್ಲಿ ಸರಕಾರ ಯೋಚಿಸಿ ಕಟ್ಟಿದ್ದು ನಮ್ಮಲ್ಲಿ ತಾನಾಗಿ ಇತ್ತು ಎಂದು ಹೆಮ್ಮೆಪಡಬಹುದು. ಆದರೆ ಯಾರೂ ಆಜ್ಞೆ ಹೊರಡಿಸದೆ ಆರಂಭವಾದದ್ದು ಯಾರೂ ಆಜ್ಞೆ ಹೊರಡಿಸದೆಯೇ ನಿಂತುಹೋಗಬಹುದು. ನನ್ನ ಚಿಂತೆ ಇಷ್ಟೇ.

ಚಿಂತೆಗೆ ಕಾರಣವಾದುದು ಒಂದು ವಹಿ. ನಮ್ಮ ಮಂಡಳಿಯ ಪದಗಳೆಲ್ಲ ಅದರಲ್ಲಿವೆ. ಭಾಷೆ ಕನ್ನಡ, ಲಿಪಿ ದೇವನಾಗರಿ. ಬರೆದವರು ಕಲಿತದ್ದು ಮರಾಠಿ ಶಾಲೆಯಲ್ಲಿ, ಬೇರೆ ಅಕ್ಷರ ಅವರಿಗೆ ಬಾರದು. ಅವರ ಶ್ರಮಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಮರಾಠಿಯ ಬರವಣಿಗೆಯಲ್ಲಿ ಎಕಾರ-ಏಕಾರಗಳಿಗೆ, ಒಕಾರ-ಓಕಾರಗಳಿಗೆ ಭೇದವಿಲ್ಲ. ‘ಕೊಡು’ ಎಂದು ಬರೆದರೂ ‘ಕೋಡು’ ಎಂದು ಬರೆದರೂ ಕಾಣುವುದು ಒಂದೇ. ಕಳೆದ ಶ್ರಾವಣದಲ್ಲಿ ಒಬ್ಬ ಹುಡುಗ ವಹಿ ನೋಡಿ ‘ಹೊಳಿ’ ದಾಟಿಸುವ ಗುರುವನ್ನು ‘ಹೋಳಿ’ ದಾಟಿಸುವ ಗುರುವನ್ನಾಗಿ ಮಾಡಿದ. ಪಕ್ಕದಲ್ಲಿದ್ದ ಎಂಬತ್ತರ ಮುದುಕರು ನಗಲಿಲ್ಲ, ಗದರಲೂ ಇಲ್ಲ. “ತಮ್ಮಾ, ಅದು ಬಣ್ಣದ ಹೋಳಿ ಅಲ್ಲೋ, ನೀರಿನ ಹೊಳಿ” ಎಂದು ಹೇಳಿ ಆ ಸಾಲನ್ನು ತಾವೇ ಹಾಡಿ ತೋರಿಸಿದರು. ಹುಡುಗ ತಿದ್ದಿಕೊಂಡ. ವಹಿಯಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ಬದಲಿಸಲು ಅಲ್ಲಿ ಅಕ್ಷರವೇ ಇಲ್ಲ.

ಅಂದರೆ ಪದದ ಅರ್ಧ ವಹಿಯಲ್ಲಿದೆ, ಇನ್ನರ್ಧ ಆ ಹಿರಿಯರ ಕಿವಿಯಲ್ಲಿದೆ. ಅವರ ಪಕ್ಕ ಕುಳಿತು ಹಾಡುವ ಹುಡುಗನಿಲ್ಲದಿದ್ದರೆ ಆ ಅರ್ಧ ಅವರೊಂದಿಗೇ ಹೋಗುತ್ತದೆ. ಧ್ವನಿಮುದ್ರಣ ಮಾಡಿಡಬಹುದು, ಮಾಡಲೇಬೇಕು. ಆದರೆ ಮುದ್ರಣವು ಹುಡುಗನ ತಪ್ಪನ್ನು ಕೇಳಿಸಿಕೊಂಡು ತಿದ್ದಲಾರದು.

ಆದ್ದರಿಂದ ವಾಚಕರಲ್ಲಿ, ವಿಶೇಷವಾಗಿ ಕನ್ನಡ ಬರೆಯಬಲ್ಲ ಗಡಿನಾಡಿನ ಬಂಧುಗಳಲ್ಲಿ, ನನ್ನದೊಂದು ವಿನಂತಿ. ಬರುವ ಶ್ರಾವಣದಲ್ಲಿ ನಿಮ್ಮ ಓಣಿಯ ಭಜನೆಗೆ ಹೋಗಿರಿ. ಹೋಗುವಾಗ ಒಂದು ಹೊಸ ವಹಿಯನ್ನು ಒಯ್ಯಿರಿ. ಎಡಪುಟದಲ್ಲಿ ದೇವನಾಗರಿ ಇರಲಿ, ಏಕೆಂದರೆ ಇಂದಿನ ಮಕ್ಕಳು ಓದಬಲ್ಲದ್ದು ಅದನ್ನೇ. ಬಲಪುಟದಲ್ಲಿ ಅದೇ ಪದವನ್ನು ಕನ್ನಡದ ಅಕ್ಷರಗಳಲ್ಲಿ, ಹಿರಿಯರು ಹಾಡಿದ ಹ್ರಸ್ವ ದೀರ್ಘಗಳೊಡನೆ ಬರೆಯಿರಿ. ಒಂದು ರಾತ್ರಿಗೆ ಒಂದು ಪದ ಸಾಕು. ತಿಂಗಳಿಗೆ 30 ಪದಗಳಾಗುತ್ತವೆ. ಸರದಿ ನಿಮ್ಮ ಮನೆಗೆ ಬಂದ ದಿನ ಚಹಾದ ಜೊತೆಗೆ ಆ ವಹಿಯನ್ನೂ ಹೊರಗಿಡಿರಿ, ಮುಂದಿನ ಮನೆಯವರು ಅದನ್ನು ಒಯ್ಯಲಿ.