ಜವಾರಿ ಅಂದ್ರೆ ಕೋಳಿಯಷ್ಟೇ ಅಲ್ಲ

ನಮ್ಮ ಕಡೆ ಜವಾರಿ ಅಂದರೆ ಎಲ್ಲರಿಗೂ ಮೊದಲು ನೆನಪಾಗೋದು ಕೋಳಿ. ಆಮೇಲೆ ಮೆಣಸಿನಕಾಯಿ, ಬದನೆಕಾಯಿ, ಹತ್ತಿ. ನಮ್ಮ ಮನೆಯಲ್ಲಿ ಮಾತ್ರ ಈ ಪದಕ್ಕೆ ಇನ್ನೊಂದು ಅರ್ಥ ಇತ್ತು. ತಂಬೂರಿಯ ತಂತಿ ಬರೀ ಟಣ್ ಅಂದು ಸುಮ್ಮನಾಗದೆ, ಜೇನುಹುಳದ ಹಾಗೆ ಗುಂಯ್ ಅಂತ ತುಂಬಿಕೊಂಡು ಬರುತ್ತದಲ್ಲ, ಆ ನಾದಕ್ಕೂ ಜವಾರಿ ಅಂತಾರೆ. "ಇವತ್ತ ಜವಾರಿ ಬಿಟ್ಟೈತಿ" ಅಂತ ಅಪ್ಪ ಗೊಣಗಿದರೆ ಭಜನೆ ಅರ್ಧ ತಾಸು ತಡ ಅಂತಲೇ ಲೆಕ್ಕ.

ನಮ್ಮದು ಕುಂದಗೋಳ ತಾಲೂಕಿನ ಸಣ್ಣ ಊರು. ಅಪ್ಪ ಒಕ್ಕಲುತನದವ. ಸೋಮವಾರ ರಾತ್ರಿ ಬಸವಣ್ಣನ ಗುಡಿಯಲ್ಲಿ ಭಜನೆ. ತಂಬೂರಿ ನಮ್ಮಜ್ಜ ಮಿರಜಿನಿಂದ ತಂದದ್ದು. ಅದನ್ನು ಅಪ್ಪ ಬಿಟ್ಟು ಯಾರೂ ಮುಟ್ಟುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಮಾತು ವಾಪಸ್ ಬಂತು, ದನಿಯೂ ಬಂತು. ಬಲಗೈ ಬೆರಳು ಮಾತ್ರ ಬರಲಿಲ್ಲ. ತಂಬೂರಿ ಗೋಡೆಗೆ ಒರಗಿತು.

ನಾನು ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ, ಬ್ಲೂಟೂತ್ ಸ್ಪೀಕರ್ ಇಟ್ಟು ಕೊಟ್ಟೆ. ಎರಡು ಸೋಮವಾರ ಹಾಡಿದ. ಮೂರನೆಯ ವಾರ ಗುಡಿಗೆ ಹೋಗಲೇ ಇಲ್ಲ. ಕೇಳಿದೆ. "ಶ್ರುತಿ ಸರೀನ ಐತಿ. ಆದ್ರ ಅದರ ಸಂಗಾಟ ಕುಂತಂಗ ಆಗಂಗಿಲ್ಲ" ಅಂದ. ಆ್ಯಪಿನ ತಪ್ಪೇನೂ ಇರಲಿಲ್ಲ. ಆದರೆ ಅಪ್ಪ ಹಾಡೋದು ಬಿಟ್ಟಿದ್ದು ಮಾತ್ರ ನಿಜ.

ಆಗ ನಾನೇ ತಂಬೂರಿ ತೆಗೆದೆ. ಕಲಿತ ಮೇಲೆ ಗೊತ್ತಾಗಿದ್ದನ್ನು ಹೇಳುತ್ತೇನೆ. ತಂಬೂರಿಗೆ ನಾಲ್ಕು ತಂತಿ. ಮೊದಲನೆಯದು ಸಾಮಾನ್ಯವಾಗಿ ಪಂಚಮ, ನಡುವಿನ ಎರಡು ಷಡ್ಜ, ಕೊನೆಯದು ದಪ್ಪ ಹಿತ್ತಾಳೆ ತಂತಿ, ಅದು ಖರ್ಜ, ಅಂದರೆ ಕೆಳಗಿನ ಷಡ್ಜ. ಮೇಲೆ ಬಿರಡೆ ತಿರುಗಿಸಿ ಶ್ರುತಿಯನ್ನು ಹತ್ತಿರಕ್ಕೆ ತರಬೇಕು. ಕೆಳಗೆ ತಂತಿಗೆ ಪೋಣಿಸಿದ ಮಣಿ ಸರಿಸಿ ಉಳಿದ ಎಳೆಯಷ್ಟನ್ನು ಕೂಡಿಸಬೇಕು. ಬುರುಡೆಯ ಮೇಲಿನ ಹಲಗೆಯಲ್ಲಿ ಅಗಲವಾದ ಕುದುರೆ ಇರುತ್ತದೆ. ತಂತಿಗಳು ಹಾಯೋದು ಅದರ ಮೇಲೆಯೇ. ಅದರ ಬೆನ್ನು ಸಪಾಟಾಗಿ ಕಾಣುತ್ತದೆ, ಆದರೆ ಸಪಾಟಲ್ಲ. ಬಹಳ ಸಣ್ಣ ಇಳಿಜಾರು ಇದೆ. ಮೀಟಿದಾಗ ತಂತಿ ಆ ಇಳಿಜಾರನ್ನು ಮುಟ್ಟಿ ಮುಟ್ಟಿ ಬಿಡುತ್ತದೆ. ಗುಂಯ್ ಅನ್ನೋದು ಅಲ್ಲಿಂದ.

ಆ ಮುಟ್ಟುವಿಕೆ ಎಷ್ಟಿರಬೇಕು ಅಂತ ತೀರ್ಮಾನಿಸೋದು ಒಂದು ನೂಲೆಳೆ. ತಂತಿ ಮತ್ತು ಕುದುರೆಯ ನಡುವೆ ಅದನ್ನು ತೂರಿಸಿ, ಮೀಟುತ್ತಾ, ಹಿಂದೆ ಮುಂದೆ ಸರಿಸಬೇಕು. ಒಂದು ಕಡೆ ನಾದ ಮುಚ್ಚಿಕೊಂಡಿರುತ್ತದೆ. ಕೂದಲಷ್ಟು ಸರಿಸಿದರೆ ಬಾಗಿಲು ತೆರೆದ ಹಾಗೆ ಬಿಚ್ಚಿಕೊಳ್ಳುತ್ತದೆ. ಇನ್ನೊಂದು ಕೂದಲು ಸರಿಸಿದರೆ ಮತ್ತೆ ಹೋಯಿತು.

ಇದೆಲ್ಲ ಗೊತ್ತಿಲ್ಲದೆ ನಾನು ಮಾಡಿದ್ದು ಏನು? ಖರ್ಜದ ತಂತಿ ಎಷ್ಟು ಎಳೆ ಸರಿಸಿದರೂ ಬಾಯಿ ಬಿಡಲಿಲ್ಲ. ನೋಡಿದರೆ ವರ್ಷಗಟ್ಟಲೆ ಉಜ್ಜಿ ಉಜ್ಜಿ ತಂತಿ ಕುದುರೆಯಲ್ಲಿ ಗೀರು ಕೊರೆದಿತ್ತು. ಮನೆಯಲ್ಲಿ ಪಾಲಿಶ್ ಪೇಪರ್ ಇತ್ತು. ಅಪ್ಪ ಹೊಲಕ್ಕೆ ಹೋದಾಗ ಕುದುರೆಯನ್ನು ತಿಕ್ಕಿ ನುಣ್ಣಗೆ ಮಾಡಿಬಿಟ್ಟೆ. ಸಂಜೆ ಮೀಟಿದರೆ ನಾಲ್ಕೂ ತಂತಿ ಸತ್ತಿದ್ದವು. ಡಬ್ಬಿ ಬಡಿದ ಹಾಗೆ.

ಅಪ್ಪ ಬೈಯಲಿಲ್ಲ. ಎಡಗೈ ಬೆರಳಿಂದ ಕುದುರೆ ಸವರಿ, "ತಗದದ್ದು ತಿರುಗಿ ಹಚ್ಚಾಕ ಬರಂಗಿಲ್ಲ, ಯವ್ವಾ" ಅಂದ. ಬೈದಿದ್ದರೆ ಚೆನ್ನಾಗಿತ್ತು.

ಹುಬ್ಬಳ್ಳಿಯಿಂದ ರೈಲು ಹತ್ತಿ ಇಬ್ಬರೂ ಮಿರಜಿಗೆ ಹೋದೆವು. ಹತ್ಯಾರಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು 19ನೇ ಶತಮಾನದಲ್ಲಿ ತಂಬೂರಿ, ಸಿತಾರ ಮಾಡೋದನ್ನು ಕೈಗೆ ಹತ್ತಿಸಿಕೊಂಡ ಊರು ಅದು. 2024ರಲ್ಲಿ ಅಲ್ಲಿಯ ಸಿತಾರ, ತಂಬೂರಿಗಳಿಗೆ ಜಿಐ ಟ್ಯಾಗ್ ಸಿಕ್ಕಿದೆ. ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ನೆಲೆಸಿದ್ದೂ ಮಿರಜಿನಲ್ಲೇ. ಅವರು ತಂಬೂರಿಯ ಜವಾರಿಯನ್ನು ತಾವೇ ಮಾಡಿಕೊಳ್ಳುತ್ತಿದ್ದರು. ದೊಡ್ಡ ಗವಾಯಿಯೂ ಅರ ಹಿಡಿದು ಕೂರುತ್ತಿದ್ದರು ಅನ್ನೋದನ್ನು ಅಪ್ಪ ರೈಲಿನಲ್ಲಿ ಎರಡು ಸಲ ಹೇಳಿದ.

ಅಂಗಡಿಯ ಕಾಕಾ ಕುದುರೆ ನೋಡಿ ನಕ್ಕರು. ಕನ್ನಡದಲ್ಲೇ, "ಇದನ್ನ ಯಾರ್ ತಿಕ್ಕ್ಯಾರ?" ಅಂತ ಕೇಳಿದರು. ಅಪ್ಪ, "ಇಲಿ" ಅಂದ. ಕಾಕಾ ತಂತಿ ಸಡಿಲಿಸಿ ಪಕ್ಕಕ್ಕೆ ಸರಿಸೋರು, ಅರದಿಂದ ನಾಲ್ಕೇ ನಾಲ್ಕು ಸಲ ಉಜ್ಜೋರು, ತಂತಿ ಕೂರಿಸೋರು, ಮೀಟೋರು, ಕಿವಿ ಕೊಡೋರು. ಮತ್ತೆ ಸಡಿಲಿಸೋರು. ಮಧ್ಯಾಹ್ನ ಪೂರ್ತಿ ಇದೇ. ಉಜ್ಜಿದ್ದಕ್ಕಿಂತ ಕೇಳಿದ ಹೊತ್ತೇ ಜಾಸ್ತಿ. ನಾನು ಕೇಳದೆ ಉಜ್ಜಿದ್ದೆ. ಅಷ್ಟೇ ಫರಕು.

ಊರಿಗೆ ಬಂದ ಮೇಲೆ ನನ್ನ ಪಾಠ ಶುರು. ಅಪ್ಪ ಕಣ್ಣು ಮುಚ್ಚಿ ಕೂರೋದು, ನಾನು ಎಳೆ ಸರಿಸೋದು. "ಹಿಂದಕ. ಇನ್ನಷ್ಟ. ತಡಿ, ದಾಟಿತು." ಮೊದಲ ತಿಂಗಳು ಅಪ್ಪನಿಗೆ ಕೇಳಿದ್ದು ನನಗೆ ಕೇಳುತ್ತಲೇ ಇರಲಿಲ್ಲ. ಹೂಂ ಅಂದ ಕಡೆ ಬಿಡುತ್ತಿದ್ದೆ. ಒಂದು ದಿನ ಅವನು ಹೂಂ ಅನ್ನೋ ಮೊದಲೇ ನನ್ನ ಕೈ ನಿಂತಿತು. ಅಪ್ಪ ಕಣ್ಣು ತೆರೆದು ನನ್ನನ್ನೇ ನೋಡಿದ.

ನಿಮ್ಮೂರ ಗುಡಿಯಲ್ಲೋ ಮಠದಲ್ಲೋ ತಂಬೂರಿ ಸುಮ್ಮನೆ ಬಿದ್ದಿದ್ದರೆ ನನ್ನದೊಂದು ಮಾತು. ಬಿಸಿಲಿಗೆ, ಹಸಿ ಗೋಡೆಗೆ ಇಡಬೇಡಿ. ಬಹಳ ದಿನ ನುಡಿಸದಿದ್ದರೆ ತಂತಿ ಸ್ವಲ್ಪ ಸಡಿಲಿಸಿ. ಮೊದಲು ಶ್ರುತಿ, ಆಮೇಲೆ ಎಳೆ, ಮತ್ತೊಮ್ಮೆ ಶ್ರುತಿ ನೋಡಿ. ನೂಲು ಸವೆದರೆ ಬದಲಿಸಿ, ಅದಕ್ಕೆ ದುಡ್ಡು ಬೇಕಿಲ್ಲ, ಅವ್ವನ ಹೊಲಿಗೆ ಡಬ್ಬಿ ಸಾಕು. ಕುದುರೆಗೆ ಮಾತ್ರ ಕೈ ಹಚ್ಚಬೇಡಿ. ಅದು ಬಲ್ಲವರ ಕೆಲಸ.

ಹೋದ ಸೋಮವಾರ ಮಳೆ. ನಡುಹಾಡಿನಲ್ಲಿ ಖರ್ಜ ಇಳಿಯಿತು. ಅಪ್ಪ ಮುಂದೆ ಕೂತು ಹಾಡುತ್ತಿದ್ದ, ಅವನಿಗೆ ಗೊತ್ತಾಗದೆ ಇರೋದಿಲ್ಲ. ನಾನು ಹಿಂದೆ ಕೂತು ಮೀಟುತ್ತಲೇ ಮಣಿ ಸರಿಸಿದೆ, ಎಳೆ ಒಂಚೂರು ತಳ್ಳಿದೆ. ತಂತಿ ಬಾಯಿ ಬಿಟ್ಟಿತು. ಅಪ್ಪ ತಿರುಗಿ ನೋಡಲಿಲ್ಲ. ಮುಂದಿನ ನುಡಿ ಎತ್ತಿಕೊಂಡ.